ಬಾಳಗೊಂಡ ಕಾಕಾ ಮತ್ತು ನನ್ನ ಹಳೇ ಹಾರ್ಡ್ ಡಿಸ್ಕು

ಇವತ್ತು ಬೆಳಿಗ್ಗೆ ಅಂಗಡಿ ತೆರೆದು ಫ್ಯಾನು ಹಾಕಿದ್ದೇ ತಡ, ಮೇಜಿನ ಮೇಲಿದ್ದ ಲಗ್ನಪತ್ರಿಕೆಗಳೆಲ್ಲ ಹಾರಿ ನೆಲಕ್ಕೆ ಬಿದ್ದವು. ಒಂದು ಮಾತ್ರ ಹಾರಲಿಲ್ಲ. ಅದರ ಮೇಲೆ ಅಂಗೈಯಗಲದ ಲೋಹದ ಡಬ್ಬಿಯೊಂದು ಕೂತಿತ್ತು. ಪಕ್ಕದ ಔಷಧ ಅಂಗಡಿಯ ಮಾಲೀಕರು ಪತ್ರಿಕೆ ಆರಿಸಿಕೊಡಲು ಬಂದವರು ಆ ಡಬ್ಬಿಯನ್ನು ಕೈಗೆತ್ತಿಕೊಂಡು ತೂಗಿ ನೋಡಿದರು. "ಏನ್ರಿ ಇದು, ತಂಬಾಕಿನ ಡಬ್ಬಿ ಏನು? ಹುಪರಿಯೊಳಗ ಮಾಡಿಸಿದ್ರೇನು?" ಎಂದರು. ನಮ್ಮ ಕಡೆ ಹೊಳೆಯುವುದೆಲ್ಲ ಬೆಳ್ಳಿ, ಬೆಳ್ಳಿಯೆಲ್ಲ ಹುಪರಿಯದು.

"ಅಲ್ರಿ, ಹಳೇ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕು. ಕೆಟ್ಟೈತಿ," ಎಂದೆ.

"ಕೆಟ್ಟದ್ದನ್ನ ಯಾಕ ಇಟ್ಗೊಂಡೀರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದರು. ಅವರಿಗೆ ಗಿರಾಕಿ ಬಂದಿತ್ತು. ನಿಮಗೆ ಪುರುಸೊತ್ತಿದ್ದರೆ ಹೇಳುತ್ತೇನೆ, ಕೂಡಿರಿ. ಆ ಡಬ್ಬಿಯಲ್ಲಿ ಒಂದು ಫೈಲಿದೆ. ಹೊಸ ಡಿಸ್ಕು ಹಾಕಿಸುವಾಗ ಅದೊಂದನ್ನು ನಾನು ಬೇಕೆಂದೇ ಅಲ್ಲಿಯೇ ಬಿಟ್ಟೆ. ಒಬ್ಬರಿಗೆ ಒಂದು ಮಾತು ಕೊಟ್ಟಿದ್ದೆ. ಆ ಮಾತನ್ನು ಕೊಟ್ಟವನೂ ನಾನೇ, ಮುರಿಯಲು ಬಸ್ಸು ಹತ್ತಿ ಹೊರಟವನೂ ನಾನೇ. ಇಷ್ಟು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದು ಹೇಳಲು ಹಗುರಾಗುತ್ತದೆ.

ಮಹಾರಾಷ್ಟ್ರದ ಗಡಿಯೊಳಗಿನ ಗಡಹಿಂಗ್ಲಜದಲ್ಲಿ ನನ್ನದೊಂದು ಸಣ್ಣ ಅಂಗಡಿ. ಲಗ್ನಪತ್ರಿಕೆ, ವಾಸ್ತುಶಾಂತಿಯ ಕಾರ್ಡು, ತೀರಿಕೊಂಡವರ ಶಿವಗಣಾರಾಧನೆಯ ಪತ್ರ, ಇವನ್ನು ಜೋಡಿಸಿ ಮುದ್ರಣಕ್ಕೆ ಕೊಡುವುದು ನನ್ನ ಕೆಲಸ. ನಮ್ಮ ಮಂದಿಯ ಪತ್ರಿಕೆಗೆ ಎರಡು ಬದಿ ಇರಲೇಬೇಕು, ಎಡಕ್ಕೆ ಕನ್ನಡ, ಬಲಕ್ಕೆ ಮರಾಠಿ. ಮನೆಯಲ್ಲಿ ಎಲ್ಲರೂ ಆಡುವುದು ಕನ್ನಡವೇ. ಆದರೆ ಓದುವ ವಿಷಯ ಬಂದಾಗ ಅಜ್ಜ ಅಜ್ಜಿಯರು ಎಡಕ್ಕೆ ತಿರುಗುತ್ತಾರೆ, ಮರಾಠಿ ಶಾಲೆ ಕಲಿತ ಮೊಮ್ಮಕ್ಕಳು ಬಲಕ್ಕೆ ತಿರುಗುತ್ತಾರೆ. ಎರಡೂ ಬದಿ ಓದುವವನು ಪತ್ರಿಕೆ ಮಾಡುವ ನಾನೊಬ್ಬನೇ. ನಾನೂ ಓದುತ್ತಿರಲಿಲ್ಲ ಎಂಬುದು ಮುಂದೆ ನಿಮಗೆ ಗೊತ್ತಾಗುತ್ತದೆ.

ಕೆಲಸ ಮಾಡುವ ರೀತಿಯನ್ನೂ ಹೇಳಿಬಿಡುತ್ತೇನೆ. ಈ ಧಂದೆಯಲ್ಲಿ ಯಾರೂ ಪತ್ರಿಕೆಯನ್ನು ಹೊಸದಾಗಿ ಮಾಡುವುದಿಲ್ಲ. ಹಿಂದಿನ ಯಾರದೋ ಪತ್ರಿಕೆ ತೆರೆಯುವುದು, ಅವರ ಹೆಸರು ತೆಗೆಯುವುದು, ಇವರ ಹೆಸರು ಕೂಡಿಸುವುದು. ನನ್ನ ಡಿಸ್ಕಿನಲ್ಲಿ ‘ಫೈನಲ್’, ‘ಫೈನಲ್ ಎರಡು’, ‘ಇದೇ ಖರೇ ಫೈನಲ್’ ಎಂಬ ಹೆಸರಿನ ಫೈಲುಗಳು ಲೆಕ್ಕವಿಲ್ಲದಷ್ಟಿದ್ದವು. ಡಿಸ್ಕು ಕೆಟ್ಟರೆ ಇರಲಿ ಎಂದು ಎಲ್ಲವನ್ನೂ ನಾಲ್ಕು ನಾಲ್ಕು ಪ್ರತಿ ಮಾಡಿಟ್ಟಿದ್ದೆ, ನಾಲ್ಕನ್ನೂ ಅದೇ ಡಿಸ್ಕಿನಲ್ಲಿ. ಈ ಬುದ್ಧಿವಂತಿಕೆಯ ಬಗ್ಗೆ ಇಬ್ಬರು ಮೂವರು ಗೆಳೆಯರಿಗೆ ಉಪದೇಶವನ್ನೂ ಮಾಡಿದ್ದೆ.

ಆ ಲ್ಯಾಪ್‌ಟಾಪೂ ಅಂಥದ್ದೇ. ಕರೆಂಟು ಹೋದಾಗ ಕೆಲಸ ನಿಲ್ಲಬಾರದೆಂದು ಕೊಲ್ಹಾಪುರದಲ್ಲಿ ಯಾರೋ ಬಳಸಿ ಬಿಟ್ಟದ್ದನ್ನು ತಂದಿದ್ದೆ. ಬೆಳಿಗ್ಗೆ ಅದರ ಗುಂಡಿ ಒತ್ತಿ ನಾನು ಅಂಗಡಿ ಗುಡಿಸುತ್ತಿದ್ದೆ, ಹೊರಗೆ ನೀರು ಚಿಮುಕಿಸುತ್ತಿದ್ದೆ, ಊದಿನಕಡ್ಡಿ ಹಚ್ಚುತ್ತಿದ್ದೆ, ಎದುರಿನ ಹೋಟೆಲಿಗೆ ಚಹಾ ಹೇಳುತ್ತಿದ್ದೆ, ಚಹಾ ಬಂದು ಆರುತ್ತಿತ್ತು. ಆಗ ಅದು ಕಣ್ಣು ತೆರೆಯುತ್ತಿತ್ತು. ತೆರೆದ ಮೇಲೂ ಒಳಗಿನಿಂದ ಕರಕರ, ಟಕಟಕ ಸಪ್ಪಳ ಮಾಡುತ್ತ ಇನ್ನಷ್ಟು ಹೊತ್ತು ಕೂಡುತ್ತಿತ್ತು. ಗಿರಾಕಿಗಳು ಗಡಿಯಾರ ನೋಡಿಕೊಂಡರೆ, "ಒಳಗ ಭಾಳ ಮಾಲ ಐತ್ರಿ, ಅದಕ್ಕ ಹೊತ್ತ ಹಿಡಿತೈತಿ," ಎಂದು ಗಂಭೀರವಾಗಿ ಹೇಳುತ್ತಿದ್ದೆ. ಕೇಳಿದವರು ನನ್ನನ್ನು ಗೌರವದಿಂದ ನೋಡುತ್ತಿದ್ದರು. ನನ್ನ ಹೆಂಡತಿ ಸುಮಿತ್ರಾ ಮಾತ್ರ ಹಾಗೆ ನೋಡಲಿಲ್ಲ. "ಅದರದೂ ನಿಮ್ಮದೂ ಒಂದ ರಾಶಿ ಕಾಣಸ್ತೈತಿ. ಎಬ್ಬಿಸಿದ ಮ್ಯಾಲ ಅರ್ಧಾ ತಾಸು ಯಾರಿಗೂ ಉಪಯೋಗ ಇಲ್ಲ," ಎನ್ನುತ್ತಿದ್ದಳು. ಡಿಸ್ಕು ಬದಲಿಸಿರೆಂದು ನಾಲ್ಕಾರು ಮಂದಿ ಹೇಳಿದರು. ಬದಲಿಸಲಿಲ್ಲ. ಆ ಅರ್ಧ ತಾಸಿನಲ್ಲಿ ನನ್ನ ಅಂಗಡಿಗೆ ಬಂದು ಕೂಡುವವರೊಬ್ಬರಿದ್ದರು. ಈ ಕತೆ ಅವರದೇ.

ಅವರು ನೇಸರಿಯ ಬಾಳಗೊಂಡ ಕಾಕಾ. ಕಬ್ಬು, ನಾಲ್ಕು ಎಮ್ಮೆ, ತುಂಬಿದ ಮನೆ. ಹತ್ತು ಹನ್ನೆರಡು ವರ್ಷಗಳ ಹಿಂದೆ ಮಗಳ ಮದುವೆಯ ಪತ್ರಿಕೆ ನನ್ನಲ್ಲಿ ಮಾಡಿಸಿದರು. ಮಾಡಿಸಿಕೊಂಡು ಹೋದ ಎಂಟನೆಯ ದಿನ ಬೆಳಿಗ್ಗೆ, ನಾನು ಇನ್ನೂ ಕಸಬರಿಗೆ ಹಿಡಿದು ನಿಂತಿದ್ದಾಗ, ಬಂದು ಎದುರಿಗೆ ನಿಂತರು. ಬಿಳಿ ಪೈಜಾಮ, ಬಿಳಿ ಟೊಪ್ಪಿಗೆ, ಕೈಯಲ್ಲಿ ಪತ್ರಿಕೆಯ ಕಟ್ಟು.

"ತಮ್ಮಾ," ಎಂದರು, "ನಾ ಅದೇನೋ, ಹೋಗೇನೋ?"

ನನಗೆ ಅರ್ಥವಾಗಲಿಲ್ಲ. "ಕುಂದರ್ರಿ ಕಾಕಾ," ಎಂದೆ.

"ಸತ್ತವರು ಕುಂದರಬಹುದೇನು?" ಎಂದು ಕೇಳಿ, ಕೂತು, ಪತ್ರಿಕೆ ಬಿಚ್ಚಿ ಎಡಬದಿಯ ಮೇಲೆ ಬೆರಳಿಟ್ಟರು.

ಮದುಮಗಳ ಹೆಸರಿನ ಕೆಳಗೆ, ‘ಲಿಂಗೈಕ್ಯ ಬಾಳಗೊಂಡ ಶಿವಗೊಂಡ ಇವರ ಸುಪುತ್ರಿ’ ಎಂದಿತ್ತು. ನಮ್ಮಲ್ಲಿ ತೀರಿಕೊಂಡವರ ಹೆಸರಿನ ಹಿಂದೆ ಬರೆಯುವ ಮಾತು ಅದು. ಅದಕ್ಕೆ ಮೊದಲು ಮಾಡಿದ ಪತ್ರಿಕೆಯ ಮದುಮಗಳಿಗೆ ಅಪ್ಪ ಇರಲಿಲ್ಲ. ನಾನು ಆ ಅಪ್ಪನ ಹೆಸರನ್ನು ತೆಗೆದಿದ್ದೆ, ಅವನ ಸಾವನ್ನು ಅಲ್ಲೇ ಬಿಟ್ಟಿದ್ದೆ. ಮರಾಠಿಯ ಬದಿಗೆ ಮಾತ್ರ ‘ಶ್ರೀ’ ಎಂದು ಸರಿಯಾಗಿಯೇ ಇತ್ತು.

"ದತ್ತವಾಡದಾಗ ನಮ್ಮ ಅಕ್ಕ ಅದಾಳ," ಎಂದರು ಕಾಕಾ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ತಂದಿತು. "ಆಕಿಗೆ ಕನ್ನಡ ಅಷ್ಟ ಓದಾಕ ಬರತೈತಿ. ಬಸ್ಸಿನ ಕಂಡಕ್ಟರನ ಕೈಯಾಗ ಪತ್ರಿಕಿ ಕಳಿಸಿದ್ದೆ. ಓದಿದಾಕಿನ ಮುಂಜಾನಿ ಬಸ್ ಹಿಡದ ಬಂದಾಳ. ಊರ ಅಗಸ್ಯಾಗಿಂದನ ಅಳಕೋತ. ‘ತಮ್ಮಾ ಹ್ವಾದ್ಯಾ, ನನಗ ಒಂದ ಮಾತ ಯಾರೂ ತಿಳಸಲಿಲ್ಲಲ್ಲೋ,’ ಅಂತ. ನಾ ಎಮ್ಮಿ ಹಿಂಡಾಕತ್ತಿದ್ದೆ. ಏನಾತಪಾ ಅಂತ ಎದ್ದು ಹೊರಗ ಬಂದೆ. ನನ್ನ ನೋಡಿ ಅಳೂದು ನಿಲ್ಲಸ್ಬೇಕೋ ಬ್ಯಾಡೋ? ಮತ್ತಷ್ಟು ಜೋರ ಮಾಡಿದಳು. ಎಮ್ಮಿ ಬೆದರಿ ಬಕೀಟ ಒದೀತು."

ನಾನು ಕಸಬರಿಗೆಯನ್ನು ಮೂಲೆಗಿಟ್ಟೆ.

"ಅತ್ತಾಗ ಕೊಲ್ಲಾಪುರದ ಬೀಗರು ಮರಾಠಿ ಕಡೆ ಓದ್ಯಾರ. ‘ಅಭಿನಂದನ, ಬೀಗರ’ ಅಂತ ನನಗ ಫೋನ್ ಮಾಡಾಕತ್ತಾರ. ಇತ್ತಾಗ ಅಕ್ಕ ನನ್ನ ಗಲ್ಲಾ ಮುಟ್ಟಿ ಮುಟ್ಟಿ ನೋಡಾಕತ್ತಾಳ. ಮರಾಠಿಯೊಳಗ ಬದುಕೇನಿ, ಕನ್ನಡದೊಳಗ ಸತ್ತೇನಿ. ನಾ ಎತ್ತಾಗ ಹೋಗಲಿ, ನೀನ ಹೇಳು."

ಇಂಥ ಹೊತ್ತಿನಲ್ಲಿ ಮನುಷ್ಯನಾದವನು ಕಾಲಿಗೆ ಬೀಳಬೇಕು. ನಾನು ಲ್ಯಾಪ್‌ಟಾಪಿನ ಕಡೆ ಬೆರಳು ತೋರಿಸಿ, "ಇದು ಹ್ಯಾಂಗ್ ಆಗಿತ್ರಿ ಕಾಕಾ," ಎಂದೆ. ಕಾಕಾ ಎದ್ದು ಬಂದು, ಕರಕರ ಎನ್ನುತ್ತಿದ್ದ ಅದರ ಬೆನ್ನ ಮೇಲೆ ಅಂಗೈ ಇಟ್ಟರು. ಹೊಲದಲ್ಲಿ ದುಡಿದ ದೊಡ್ಡ ಅಂಗೈ. ಸ್ವಲ್ಪ ಹೊತ್ತು ಹಾಗೇ ಇಟ್ಟು, "ಬಿಸಿ ಐತಿ. ಪಾಪ, ದುಡ್ಯಾಕತ್ತೈತಿ. ಅದರ ಮ್ಯಾಲ ಹಾಕಬ್ಯಾಡ," ಎಂದರು. ನನಗೆ ಬಹಳ ನಾಚಿಕೆಯಾಯಿತು. ಆಗ ಕಾಲಿಗೆ ಬಿದ್ದೆ.

ಮತ್ತೆ ಮುದ್ರಿಸಿಕೊಡುತ್ತೇನೆಂದರೆ ಒಪ್ಪಲಿಲ್ಲ. ಹಂಚುವುದಕ್ಕೆ ದಿನವಿರಲಿಲ್ಲ. ನನ್ನಿಂದ ಒಂದು ಬಾಲ್ ಪೆನ್ನು, ಒಂದು ಅಳತೆಪಟ್ಟಿ ಇಸಿದುಕೊಂಡು, ಉಳಿದಿದ್ದ ಪತ್ರಿಕೆಗಳನ್ನೆಲ್ಲ ಎದುರಿಗಿಟ್ಟುಕೊಂಡು ಕೂತರು. ಒಂದೊಂದನ್ನೇ ಬಿಚ್ಚಿ, ಪಟ್ಟಿ ಇಟ್ಟು, ಆ ಮಾತಿನ ಮೇಲೆ ನೆಟ್ಟಗೆ ಗೀಟೆಳೆದು, ಮೇಲೆ ‘ಶ್ರೀ’ ಎಂದು ಬರೆದು, ಮಡಿಚಿ ಪಕ್ಕಕ್ಕಿಟ್ಟರು. ನಾನು ಬರೆಯುತ್ತೇನೆಂದರೆ ಕೊಡಲಿಲ್ಲ. ಮಧ್ಯಾಹ್ನ ಸುಮಿತ್ರಾ ಕಳಿಸಿದ ರೊಟ್ಟಿ, ಝುಣಕವನ್ನು ಅಲ್ಲೇ ಉಂಡರು. ಸಂಜೆಯ ಹೊತ್ತಿಗೆ ತಮ್ಮ ಸಾವನ್ನು ತಾವೇ ಮುನ್ನೂರು ಸಲ ಹೊಡೆದುಹಾಕಿ, ಬೆರಳು ಚಟಚಟ ಮುರಿದು, ನೇಸರಿಯ ಬಸ್ಸು ಹತ್ತಿದರು. ಮದುವೆಗೆ ನಾನೂ ಹೋಗಿದ್ದೆ. ಊಟದ ಪಂಗತಿಯಲ್ಲಿ ದತ್ತವಾಡದ ಅಕ್ಕನಿಗೆ ನನ್ನನ್ನು ತೋರಿಸಿ, "ನನ್ನ ಕೊಂದಾಂವ ಇವನ ನೋಡು," ಎಂದು ಪರಿಚಯ ಮಾಡಿಕೊಟ್ಟರು. ಆಕೆ ನನಗೆ ಬಡಿಸಿದ ಹುಗ್ಗಿಯ ಮೇಲೆ ತುಪ್ಪ ಹಾಕಿಸಲಿಲ್ಲ.

ಅಲ್ಲಿಂದ ಮುಂದೆ ಸಂತೆಯ ದಿನ ಗಡಹಿಂಗ್ಲಜಕ್ಕೆ ಬಂದಾಗಲೆಲ್ಲ ಕಾಕಾ ಮೊದಲು ನನ್ನ ಅಂಗಡಿಗೆ ಬರತೊಡಗಿದರು. ಲ್ಯಾಪ್‌ಟಾಪು ಏಳುವತನಕ ನನಗೂ ಕೆಲಸವಿರುತ್ತಿರಲಿಲ್ಲ. ಮುದ್ರಣಕ್ಕೆ ಹೋಗಬೇಕಾದ ಪತ್ರಿಕೆಗಳ ಕರಡನ್ನು ಕೇಳಿ ಇಸಿದುಕೊಂಡು, ಕನ್ನಡಕ ಏರಿಸಿ, ಒಂದೊಂದು ಹೆಸರಿನ ಮೇಲೂ ಬೆರಳು ಸರಿಸುತ್ತ ಓದುತ್ತಿದ್ದರು. ನೇಸರಿಯಿಂದ ದತ್ತವಾಡದವರೆಗೆ ಅವರಿಗೆ ಗೊತ್ತಿಲ್ಲದ ಮನೆ ಇರಲಿಲ್ಲ. "ಇವ ಅದಾನ. ಇವ ಅದಾನ. ಇವ ಹೋಗ್ಯಾನ, ಶ್ರಾವಣದಾಗ. ಇವ ಅದಾನ, ಆದ್ರ ಇವರ ಮನ್ಯಾಗ ಆಂವ ಅದಾನಂತ ಯಾರೂ ತಿಳ್ಕೊಂಡಿಲ್ಲ." ಹೀಗೆ. ಅವರ ಬೆರಳಿನಿಂದಾಗಿ ಎಷ್ಟು ಮಂದಿ ಅಕಾಲ ಮರಣದಿಂದ ಪಾರಾದರೋ ಹೇಳಲಾರೆ. ಕೆಲಸವಿಲ್ಲದಾಗ ಲ್ಯಾಪ್‌ಟಾಪಿಗೆ ಕಿವಿಗೊಟ್ಟು ಕೂಡುತ್ತಿದ್ದರು. "ಒಳಗ ಯಾರೋ ಕುಂತ ಹೆಸರ ಹುಡಕಾಕತ್ತಾರ ನೋಡು," ಎನ್ನುತ್ತಿದ್ದರು. ತಾಂತ್ರಿಕವಾಗಿ ನೋಡಿದರೆ ಅದು ಅಷ್ಟೇನೂ ತಪ್ಪಲ್ಲ.

ಒಂದು ಸಂತೆಯ ದಿನ, ಚಹಾ ಕುಡಿದು ಬಟ್ಟಲು ಕೆಳಗಿಡುತ್ತ, ಮಳೆ ಬೆಳೆಯ ಮಾತಾಡುವ ದನಿಯಲ್ಲೇ ಹೇಳಿದರು.

"ತಮ್ಮಾ, ನನ್ನ ಆ ಫೈಲ್ ಇನ್ನೂ ಐತೇನು?"

"ಐತ್ರಿ." ಐತಿ ಎಂದೆ, ತಿದ್ದಿಲ್ಲ ಎನ್ನಲಿಲ್ಲ. ಮದುವೆ ಮುಗಿದಿತ್ತು, ಯಾಕೆ ತಿದ್ದಬೇಕು ಎಂದು ಹಾಗೇ ಬಿಟ್ಟಿದ್ದೆ.

"ನನ್ನ ಪಾಳಿ ಒಮ್ಮಿ ಬರತೈತಿ. ಆಗ ಮನ್ಯಾಗಿಂದ ನಿನ್ನ ಕಡೇನ ಬರತಾರ. ಆವಾಗ ಅದನ್ನ ತಗೀಬ್ಯಾಡ. ಅದರಾಗ ಮತ್ಯಾರದೋ ಸಾವು ನನ್ನ ಹೆಸರಿನ ಮ್ಯಾಲ ಬಂದು ಕುಂತೈತಿ. ನಂದು ನನಗ ಬೇಕಪಾ. ನನ್ನ ಹೆಸರ ಹೊಸದಾಗಿ ಹೊಡಿ. ನಿನ್ನ ಕೈಲೆ, ಒಂದೊಂದ ಅಕ್ಷರ."

"ಬಿಡ್ರಿ ಕಾಕಾ, ಏನೇನೋ ಮಾತಾಡ್ತೀರಿ," ಎಂದೆ.

"ಹೂಂ ಅನ್ನು."

"ಹೂಂ," ಎಂದೆ. ಅವರು ಟೊಪ್ಪಿಗೆ ಸರಿಮಾಡಿಕೊಂಡು ಸಂತೆಗೆ ಹೋದರು. ಒಂದು ಹೂಂ ಅಷ್ಟೇ. ಆದರೆ ಆ ಮನುಷ್ಯ ನನ್ನಿಂದ ಇಷ್ಟು ವರ್ಷದಲ್ಲಿ ಕೇಳಿದ್ದು ಅದೊಂದೇ.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಕಾಕಾನ ಮೊಮ್ಮಗಳು ಅಶ್ವಿನಿ ಸ್ಕೂಟಿಯ ಮೇಲೆ ಬಂದಳು. ಅವಳಪ್ಪ ಕಾಕಾನ ಒಬ್ಬನೇ ಮಗ. ಅವಳು ಆಗಿನ್ನೂ ಕಾಲೇಜು ಮುಗಿಸಿದ್ದಳು, ಗಟ್ಟಿ ಹುಡುಗಿ. ಅವತ್ತು ಮಾತ್ರ ಹೆಲ್ಮೆಟ್ಟು ತೆಗೆಯದೆ ಬಾಗಿಲಲ್ಲಿ ನಿಂತಳು. "ಕಾಕಾ, ಅಜ್ಜಾ ನಿನ್ನೆ ಮುಂಜಾನಿ ಹ್ವಾದಾ," ಎಂದಳು. ಅವಳಿಗೆ ನಾನು ಕಾಕಾ. ಎಮ್ಮೆ ಹಿಂಡಿ, ಹಾಲು ಡೇರಿಗೆ ಹಾಕಿ ಬಂದು, ಕಟ್ಟೆಯ ಮೇಲೆ ಕೂತವರು ಏಳಲಿಲ್ಲವಂತೆ. ಹನ್ನೊಂದನೆಯ ದಿನದ ಶಿವಗಣಾರಾಧನೆಗೆ ಪತ್ರ ಬೇಕಿತ್ತು. ಹಂಚುವ ಊರುಗಳು ಬಹಳ, ನಾಡಿದ್ದಿನೊಳಗೆ ಕೈಗೆ ಸಿಗಬೇಕಿತ್ತು. ಹೂಂ ಎಂದೆ. ಅವಳು ಹೋದ ಮೇಲೆ ಗುಂಡಿ ಒತ್ತಿದೆ. ಗುಡಿಸಿದೆ, ನೀರು ಚಿಮುಕಿಸಿದೆ, ಊದಿನಕಡ್ಡಿ ಹಚ್ಚಿದೆ, ಚಹಾ ಬಂದು ಆರಿತು. ಲ್ಯಾಪ್‌ಟಾಪು ಏಳಲಿಲ್ಲ. ಟಕ್, ಟಕ್, ಟಕ್ ಎಂದಿತು. ಆಮೇಲೆ ಅದನ್ನೂ ನಿಲ್ಲಿಸಿತು. ಕಾಕಾ ಇದ್ದಿದ್ದರೆ ಬೆನ್ನ ಮೇಲೆ ಕೈಯಿಟ್ಟು ಏನಾದರೂ ಹೇಳುತ್ತಿದ್ದರು.

ಇಚಲಕರಂಜಿಯಲ್ಲಿ ವೈಶಾಲಿತಾಈ ಎಂಬವಳು ಇಂಥವನ್ನು ಚೆನ್ನಾಗಿ ರಿಪೇರಿ ಮಾಡುತ್ತಾಳೆಂದು ಕೇಳಿದ್ದೆ. ಲ್ಯಾಪ್‌ಟಾಪನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. ಈಗ ನನ್ನ ಮನಸ್ಸಿನಲ್ಲಿ ಓಡುತ್ತಿದ್ದದ್ದನ್ನು ನಿಮ್ಮ ಮುಂದೆ ಬಿಚ್ಚಿಡಬೇಕು. ಶಿವಗಣಾರಾಧನೆಯ ಪತ್ರಕ್ಕೆ ಹಳೆಯದು ಯಾವುದಾದರೂ ಸಿಗುತ್ತದೆ, ಹೆಸರಿನ ಸಾಲೊಂದು ಬೇಕು. ಆ ಸಾಲು ತಯಾರೇ ಇದೆಯಲ್ಲ! ಕಾಕಾನ ಮಗಳ ಮದುವೆಯ ಫೈಲಿನಲ್ಲಿ, ‘ಲಿಂಗೈಕ್ಯ ಬಾಳಗೊಂಡ ಶಿವಗೊಂಡ’ ಎಂದು ಚೆನ್ನಾಗಿ ಜೋಡಿಸಿಟ್ಟದ್ದು. ಅಲ್ಲಿಂದ ಎತ್ತಿ ಇಲ್ಲಿ ಕೂಡಿಸಿದರೆ ಕೆಲಸ ಮುಗಿಯಿತು. ಹೊಸದಾಗಿ ಹೊಡೆಯಲು ಅರ್ಧ ನಿಮಿಷ ಸಾಕು, ಆದರೆ ನನ್ನ ಕೈಗೆ ಆ ರೂಢಿಯೇ ಇರಲಿಲ್ಲ. ಇಚಲಕರಂಜಿಯವರೆಗಿನ ಇಡೀ ದಾರಿಯಲ್ಲಿ ನನಗೆ ಫೈಲು ನೆನಪಿತ್ತು, ಅದರ ಹೆಸರು ನೆನಪಿತ್ತು, ಅದಿದ್ದ ಜಾಗ ನೆನಪಿತ್ತು. ಮಾತು ಕೊಟ್ಟದ್ದು ಮಾತ್ರ ಒಮ್ಮೆಯೂ ನೆನಪಾಗಲಿಲ್ಲ. ಕಾಕಾ ಹೋದರೆಂದು ದುಃಖವಾಗಿತ್ತು, ಸುಳ್ಳಲ್ಲ. ಅದೇ ದುಃಖದ ಪಕ್ಕದಲ್ಲೇ ನನ್ನ ಮೈಗಳ್ಳತನವೂ ಆರಾಮಾಗಿ ಕೂತು ಪ್ರಯಾಣ ಮಾಡಿತು.

ವೈಶಾಲಿತಾಈಯ ಅಂಗಡಿಯ ಎರಡೂ ಪಕ್ಕದಲ್ಲಿ ಪವರ್‌ಲೂಮಿನ ಖೋಲಿಗಳು. ಮಗ್ಗಗಳ ಖಟಖಟದಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದು. ಅವಳ ಮನೆಯವರೂ ಮಗ್ಗದ ಕೆಲಸದವರೇ, ಮೂರು ತಲೆಮಾರಿನ ಹಿಂದೆ ಕರ್ನಾಟಕದಿಂದ ಬಂದವರು. ಮನೆಯ ಮಾತು ಕನ್ನಡ, ಓದಿದ್ದು ಮರಾಠಿ. ಲ್ಯಾಪ್‌ಟಾಪಿನ ತಳ ಬಿಚ್ಚಿದಾಗ ಅದರೊಳಗಿಂದ ಒಂದಿಷ್ಟು ವಿಭೂತಿ, ಒಂದಿಷ್ಟು ಕುಂಕುಮ, ನಾಲ್ಕು ಅಕ್ಷತೆಕಾಳು ಉದುರಿದವು.

"ಹೇ ಕಾಯ್, ಕಾಕಾ?" ಎಂದು ಕೂಗಿದಳು, ಇದೇನು ಎಂದು ಮರಾಠಿಯಲ್ಲಿ.

"ಖಂಡೇನವಮಿಗೆ ಪೂಜಾ ಮಾಡ್ತೇನವ್ವಾ, ವರ್ಷಾ," ಎಂದು ನಾನೂ ಕೂಗಿದೆ.

"ಮ್ಯಾಲಿಂದ ಮಾಡ್ರಿ. ಫ್ಯಾನಿನಾಗ ಹಾಕಬ್ಯಾಡ್ರಿ."

ಡಿಸ್ಕನ್ನು ಹೊರತೆಗೆದು ತನ್ನ ಕಂಪ್ಯೂಟರಿಗೆ ಒಂದು ವೈರಿನಿಂದ ಜೋಡಿಸಿದಳು. ಅದು ತಿರುಗುತ್ತಿದೆಯೋ ಇಲ್ಲವೋ ಕಿವಿಗೆ ಕೇಳುವಂತಿರಲಿಲ್ಲ. ಎರಡು ಬೆರಳಿನಿಂದ ಮೆಲ್ಲಗೆ ಹಿಡಿದು, ಡಾಕ್ಟರು ನಾಡಿ ನೋಡುವ ಹಾಗೆ ನೋಡಿದಳು. ಎರಡು ಸಲ ಬಿಟ್ಟು, ಮೂರನೆಯ ಸಲ ಹಿಡಿಯಿತು. "ಗ್ಯಾರಂಟಿ ನಾಹೀ ಕಾಕಾ. ಎಷ್ಟೊತ್ತು ಜೀವ ಹಿಡಿತೈತೋ ಗೊತ್ತಿಲ್ಲ. ಮದಲ ಯಾವದು ತಗೀಲಿ, ಅದನ್ನಷ್ಟ ಲಗೂನ ಹೇಳ್ರಿ," ಎಂದಳು.

ಇಡೀ ಬದುಕಿನ ದುಡಿಮೆ ಅದರಲ್ಲಿತ್ತು. ಮೂರು ತಾಲೂಕಿನ ಮದುವೆಗಳಿದ್ದವು. ನಾನು ಕೇಳಿದ್ದು ಆ ಒಂದು ಸಾಲಿನ ಫೈಲು. "ತೀರಿಕೊಂಡವರ ಪತ್ರ ಮಾಡೂದೈತಿ, ಅದು ಬೇಕು," ಎಂದೆ.

ಅವಳು ತೆರೆದಳು. ಪರದೆಯ ತುಂಬ ಗಣಪತಿ, ಕಲಶ, ಬಾಳೆಕಂಬ. ಅವಳ ಕಣ್ಣು ಬಲಬದಿಗೆ ಹೋಯಿತು. ಓದಿಕೊಂಡು, ಹುಬ್ಬು ಗಂಟಿಕ್ಕಿ, "ಹೀ ತರ್ ಲಗ್ನಪತ್ರಿಕಾ ಆಹೇ. ನೀವು ತೀರಿಕೊಂಡವರದು ಅಂದ್ರಿ. ಇವರು ಇದ್ದಾರಲ್ರಿ. ‘ಶ್ರೀ’ ಐತಿ," ಎಂದಳು.

"ಆ ಕಡೆ ಇದ್ದಾರವ್ವಾ. ಈ ಕಡೆ ಇಲ್ಲ," ಎಂದೆ.

ಹಾಗೆಂದದ್ದೇ ತಡ, ನನ್ನ ಬಾಯಿಂದ ಬಂದದ್ದು ನನಗೇ ಕೇಳಿಸಿತು. ಮರಾಠಿಯೊಳಗ ಬದುಕೇನಿ, ಕನ್ನಡದೊಳಗ ಸತ್ತೇನಿ. ಕಸಬರಿಗೆ, ಎಮ್ಮೆಯ ಬಕೀಟು, ಚಹಾದ ಬಟ್ಟಲು, ‘ಹೂಂ ಅನ್ನು’ ಎಂದದ್ದು, ಎಲ್ಲ ಒಟ್ಟಿಗೆ ಬಂದವು. ವೈಶಾಲಿ ನನ್ನ ಮುಖ ನೋಡಿ, ಏನಾಯಿತೆಂದು ಕೇಳಿದಳು. ಹೇಳಿದೆ. ಗುಟ್ಟಾಗಿ ಹೇಳಬೇಕಾದ ಮಾತು, ಆದರೆ ಆ ಮಗ್ಗದ ಗದ್ದಲದಲ್ಲಿ ಪಿಸುಗುಟ್ಟುವುದೆಲ್ಲಿ? "ಹಳೇ ಫೈಲ್ ತಗಿಯೂದಿಲ್ಲಂತ ಮಾತ ಕೊಟ್ಟಿದ್ದೆ!" ಎಂದು ಗಂಟಲು ಹರಿಯುವಂತೆ ಕೂಗಬೇಕಾಯಿತು. ಅವಳಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಕೂಗಿದೆ. ಹೊರಗೆ ನೂಲಿನ ಗಾಡಿ ನಿಲ್ಲಿಸಿಕೊಂಡಿದ್ದ ಮನುಷ್ಯನೊಬ್ಬ ಒಳಗೆ ಇಣುಕಿ ನೋಡಿ ಹೋದ. ತಪ್ಪೊಪ್ಪಿಗೆಯನ್ನು ಇಷ್ಟು ಗಟ್ಟಿಯಾಗಿ ಮಾಡಿದವರು ಇಚಲಕರಂಜಿಯಲ್ಲಿ ಬೇರೆ ಯಾರೂ ಇರಲಾರರು.

ಅವಳು ನಗಲಿಲ್ಲ. ಕೈಯನ್ನು ಮೌಸಿನ ಮೇಲೆ ಹಾಗೇ ಇಟ್ಟುಕೊಂಡು, "ಕಾಪೀ ಕರೂ ಕಾ ನಕೋ?" ಎಂದಳು. ಮಾಡಲೋ, ಬೇಡವೋ.

"ನಕೋ," ಎಂದೆ. "ಉಳಿದದ್ದು ಎಷ್ಟ ಬರತೈತಿ ಅಷ್ಟ ತಗಿ. ಅದೊಂದ ಅಲ್ಲೇ ಇರಲಿ."

ಉಳಿದದ್ದರಲ್ಲಿ ಮುಕ್ಕಾಲು ಪಾಲು ಬಂತು. ಮಧ್ಯಾಹ್ನದ ಹೊತ್ತಿಗೆ ಡಿಸ್ಕು ಅವಳ ಬೆರಳುಗಳ ನಡುವೆಯೇ ನಿಂತುಹೋಯಿತು. ಹಳೆಯದಿದ್ದ ಜಾಗದಲ್ಲಿ ಹೊಸ ಎಸ್‌ಎಸ್‌ಡಿ ಕೂಡಿಸಿದಳು. ಅದನ್ನು ಕೈಯಲ್ಲಿ ಹಿಡಿದು ನೋಡಿದೆ. ಖಾಲಿ ಕಡ್ಡಿಪೆಟ್ಟಿಗೆಯಷ್ಟು ಹಗುರ. "ಇದರಾಗ ಏನೂ ತಿರಗೂದಿಲ್ರಿ, ಸಪ್ಪಳನೂ ಇಲ್ಲ. ಗುಂಡಿ ಒತ್ತೂದು, ಕೆಲಸಾ ಚಾಲೂ," ಎಂದಳು. ಹಳೆಯದನ್ನು ಗುಜರಿಯ ಡಬ್ಬಿಗೆ ಹಾಕಹೋದವಳ ಕೈಯಿಂದ ಇಸಿದುಕೊಂಡು ಜೇಬಿನಲ್ಲಿಟ್ಟುಕೊಂಡೆ.

ಮರುದಿನ ಬೆಳಿಗ್ಗೆ ಅಂಗಡಿ ತೆರೆದು, ಗುಂಡಿ ಒತ್ತಿ, ರೂಢಿಯಂತೆ ಕಸಬರಿಗೆ ಹಿಡಿದೆ. ತಿರುಗಿ ನೋಡುವಷ್ಟರಲ್ಲಿ ಲ್ಯಾಪ್‌ಟಾಪು ಎದ್ದು ಕೂತು ನನ್ನನ್ನು ಕಾಯುತ್ತಿತ್ತು. ಅಂಗಡಿಯಲ್ಲಿ ಒಂದು ಸಪ್ಪಳವಿಲ್ಲ. ಕಾಕಾನ ಕುರ್ಚಿ ಖಾಲಿ. ಅದು ಖಾಲಿಯಾಗಿದೆಯೆಂದು ನನಗೆ ನಿಜವಾಗಿ ತಿಳಿದದ್ದು ಆಗಲೇ, ಕಾಯುವುದಕ್ಕೆ ಏನೂ ಇಲ್ಲದಾಗ. ಕಸಬರಿಗೆ ಕೈಯಲ್ಲೇ ಇತ್ತು, ನಿಂತಲ್ಲೇ ಅತ್ತೆ. ಆಮೇಲೆ ಕೂತು, ಬಿಳಿ ಹಾಳೆ ತೆರೆದು, ಒಂದೇ ಬೆರಳಿನಿಂದ ಹೊಡೆದೆ. ಲಿಂ. ಗೈ. ಕ್ಯ. ಅಳಿಸಿದೆ. ಮತ್ತೆ ಹೊಡೆದೆ. ಬಾ. ಳ. ಅರ್ಧ ನಿಮಿಷದ ಕೆಲಸವೆಂದು ನಿಮಗೆ ಹೇಳಿದ್ದೆನಲ್ಲ, ಅದು ನನ್ನ ಅಂದಾಜು ತಪ್ಪು. ಚಹಾ ಬಂದು, ಆರಿ, ಕೆನೆಗಟ್ಟಿತು. ಸರಿಯಾಗಿ ಹಳೆಯ ಡಿಸ್ಕಿಗೆ ಹಿಡಿಯುತ್ತಿದ್ದಷ್ಟು ಹೊತ್ತು ಹಿಡಿಯಿತು.

ಇಷ್ಟಾದ ಮೇಲೆ ನಾನು ತಿದ್ದಿಕೊಂಡೆ ಎಂದು ನೀವು ತಿಳಿದಿದ್ದರೆ ನಿಮ್ಮದು ಒಳ್ಳೆಯ ಮನಸ್ಸು. ಕರಡಿನ ಒಂದೊಂದು ಹೆಸರಿನ ಮೇಲೂ ಬೆರಳಿಟ್ಟು, "ಇವರು ಅದಾರೇನ್ರಿ?" ಎಂದು ಗಿರಾಕಿಯನ್ನು ಕೇಳುವುದನ್ನು ರೂಢಿ ಮಾಡಿಕೊಂಡೆ, ಅದು ಹೌದು. ಕೆಲವರಿಗೆ ಅದು ಅಪಶಕುನವೆನಿಸಿ ಬೇರೆ ಅಂಗಡಿಗೂ ಹೋದರು. ಆದರೆ ಹಳೆಯ ಪತ್ರಿಕೆಯ ಮೇಲೆ ಹೊಸದನ್ನು ಮಾಡುವ ಚಾಳಿ ಹೋಗಲಿಲ್ಲ. ಡಿಸ್ಕು ಬದಲಿಸಬಹುದು, ಕೈ ಬದಲಿಸುವ ಅಂಗಡಿ ಇಚಲಕರಂಜಿಯಲ್ಲೂ ಇಲ್ಲ.

ಹೋದ ವಾರ ಅಶ್ವಿನಿ ಮತ್ತೆ ಬಂದಳು, ಈ ಸಲ ತನ್ನ ಮದುವೆಯ ಪತ್ರಿಕೆಗೆ. ಕನ್ನಡದ ಬದಿಯನ್ನು ಪೂರ್ತಿ ಹೊಸದಾಗಿ, ನನ್ನ ಕೈಯಿಂದಲೇ ಹೊಡೆದಿದ್ದೆ. ಕರಡು ತೆಗೆದು ಅವಳ ಮುಂದಿಟ್ಟೆ. ಅವಳು ಕಾಕಾನ ಕುರ್ಚಿಯಲ್ಲೇ ಕೂತಳು. "ನನಗ ಕನ್ನಡ ಓದಾಕ ಬರೂದಿಲ್ಲ, ಆ ಕಡೇದು ನೀವ ಓದ್ರಿ ಕಾಕಾ," ಎಂದಳು. ನಾನು ಎಡಬದಿ ಓದುತ್ತ ಹೋದೆ, ಅವಳು ಬಲಬದಿಯ ಮೇಲೆ ಬೆರಳು ಸರಿಸುತ್ತ ಬಂದಳು. ಬೆರಳಿಡುವ ರೀತಿಯೂ ಅಜ್ಜನದೇ. ‘ಲಿಂಗೈಕ್ಯ ಬಾಳಗೊಂಡ ಶಿವಗೊಂಡ ಇವರ ಮೊಮ್ಮಗಳು’ ಎಂದು ನಾನು ಓದಿದಾಗ ಅವಳ ಬೆರಳು ನಿಂತಿತು.

"ಕಾಕಾ, ಇಲ್ಲಿ ಅಜ್ಜಾಗ ‘ಶ್ರೀ’ ಐತಲ್ರಿ."

ಬಗ್ಗಿ ನೋಡಿದೆ. ಇತ್ತು. ಮರಾಠಿಯ ಬದಿಗೆ ಹಿಂದಿನ ವಾರದ ಪತ್ರಿಕೆ ತೆರೆದು ಹೆಸರು ಬದಲಿಸಿದ್ದೆ. ಆ ಮನೆಯ ಅಜ್ಜ ಗಟ್ಟಿಮುಟ್ಟಾಗಿದ್ದ. ಅವನ ಹೆಸರು ತೆಗೆದು, ಅವನ ಆಯುಷ್ಯವನ್ನು ಅಲ್ಲೇ ಬಿಟ್ಟಿದ್ದೆ. ಈ ಸಲ ಲ್ಯಾಪ್‌ಟಾಪಿನ ಮೇಲೆ ಹಾಕುವಂತೆಯೂ ಇರಲಿಲ್ಲ, ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಏಳುತ್ತದೆ.

"ತಪ್ಪಾತವ್ವಾ. ಮರಾಠಿಯೊಳಗ ‘ಕೈಲಾಸವಾಸಿ’ ಅಂತ ಆಗಬೇಕಿತ್ತು. ಈಗ ತಿದ್ದತೇನಿ," ಎಂದು ಕೈಚಾಚಿದೆ.

ಅವಳು ಕರಡನ್ನು ಬಿಡಲಿಲ್ಲ. ಬೆರಳು ಇನ್ನೂ ಅಲ್ಲೇ ಇತ್ತು. "ತಿದ್ರಿ," ಎಂದಳು. "ಇಲ್ಲಾಂದ್ರ ಮಂದಿ ನಗತಾರ. ಆದ್ರ ತಿದ್ದೂಕಿಂತ ಮದಲ ಹಿಂಗ ಒಂದ ತಗದ ಕೊಡ್ರಿ. ಹಂಚೂದಲ್ಲ, ನನಗ. ಅಜ್ಜಾ ಮದಲಿಂದ ಮರಾಠಿಯೊಳಗ ಬದುಕೇ ಅದಾನಂತ ಮನ್ಯಾಗ ಎಲ್ಲಾರೂ ಅಂತಿದ್ರು."

ಒಳ್ಳೆಯ ದಪ್ಪ ಕಾರ್ಡಿನ ಮೇಲೆ ಎರಡು ತೆಗೆದೆ. ಒಂದನ್ನು ಅವಳು ಪರ್ಸಿನಲ್ಲಿಟ್ಟುಕೊಂಡು ಹೋದಳು. ಆಮೇಲೆ ತಿದ್ದಿದೆ, ಎರಡು ಬದಿಯನ್ನೂ ಎರಡೆರಡು ಸಲ ಓದಿ ಮುದ್ರಣಕ್ಕೆ ಕೊಟ್ಟೆ.

ಇವತ್ತು ಗಾಳಿಗೆ ಹಾರದೆ ಉಳಿದ ಪತ್ರಿಕೆ ಆ ಇನ್ನೊಂದು. ಚೆಲ್ಲಿದ್ದನ್ನೆಲ್ಲ ಆರಿಸಿ ಜೋಡಿಸಿಟ್ಟ ಮೇಲೆ, ಡಿಸ್ಕನ್ನು ಎತ್ತಿ ಅದನ್ನೊಮ್ಮೆ ನೋಡಿದೆ. ಮಡಿಚಿಟ್ಟದ್ದರಲ್ಲಿ ಮರಾಠಿಯ ಬದಿ ಮೇಲಿತ್ತು. ಹಾಗೇ ಇರಲೆಂದು ಡಿಸ್ಕನ್ನು ಮತ್ತೆ ಅದರ ಮೇಲಿಟ್ಟೆ.